ಬೆಳಗಿನ ಜಾವ ಮೈಸೂರು ಬಿಟ್ಟವರಿಗೆ ಲೌಂಜ್: ಅಪ್ಪನ ಜೊತೆ ಹೋಗಿ ಕಲಿತದ್ದು

2024ರ ಮೇ ತಿಂಗಳಲ್ಲಿ ಬೆಂಗಳೂರು ವಿಮಾನ ನಿಲ್ದಾಣದ ಲೌಂಜ್ (ವಿಮಾನಕ್ಕೆ ಕಾಯುವವರು ಕೂತು ತಿಂಡಿ ತಿನ್ನುವ ಕೋಣೆ) ಬಾಗಿಲಲ್ಲಿ ಪ್ರವೇಶಕ್ಕೆ ಅಂತ ಕೊಟ್ಟ ನನ್ನ ಬ್ಯಾಂಕ್ ಕಾರ್ಡ್ ನಡೆಯಲಿಲ್ಲ. ಪಕ್ಕದಲ್ಲಿ ಅಪ್ಪ ನಿಂತಿದ್ದರು, ಅವರಿಗೆ ಸಕ್ಕರೆ ಕಾಯಿಲೆ. ಒಳಗೆ ಹೋದ ತಕ್ಷಣ ತಿಂಡಿ ಸಿಗುತ್ತದೆ ಅಂತ ನಾನು ಹೇಳಿದ್ದನ್ನು ನಂಬಿ ಅವರು ಆಗಲೇ ಇನ್ಸುಲಿನ್ ಹಾಕಿಕೊಂಡಿದ್ದರು. ಕಾರ್ಡ್ ಎರಡು ಸಲ ಹಾಕಿ ನೋಡಿದರು, ಎರಡು ಸಲವೂ ಆಗಲಿಲ್ಲ. ಹೊರಗಿನ ಹೋಟೆಲ್ ಕೌಂಟರ್‌ಗಳ ಮುಂದೆ ಉದ್ದ ಕ್ಯೂ. ಇಡ್ಲಿ ಕೈಗೆ ಬರುವಷ್ಟರಲ್ಲಿ ಅಪ್ಪನ ಹಣೆ ಬೆವತು ಕೈ ನಡುಗತೊಡಗಿತ್ತು. ಬ್ಯಾಗಿನಲ್ಲಿ ಒಂದು ಅಚ್ಚು ಬೆಲ್ಲ ಇತ್ತು. ಅದನ್ನು ಮುರಿದು ಬಾಯಿಗೆ ಹಾಕಿದೆ, ಮೇಲೆ ಅರ್ಧ ಲೋಟ ಜ್ಯೂಸ್ ಕುಡಿಸಿದೆ. ಕಾಲು ಗಂಟೆಯಲ್ಲಿ ಸರಿಹೋದರು. ಆದರೆ ಆ ಕಾಲು ಗಂಟೆಯನ್ನು ನಾನು ಇವತ್ತಿಗೂ ಮರೆತಿಲ್ಲ.

ಅದೇ ವರ್ಷ ಡಿಸೆಂಬರ್‌ನಲ್ಲಿ ಮತ್ತೆ ಹೊರಟೆವು. ಈ ಸಲ ಎಲ್ಲವನ್ನೂ ಮೊದಲೇ ವಿಚಾರಿಸಿಕೊಂಡು ಹೋದೆ, ಯಾವ ತೊಂದರೆಯೂ ಆಗಲಿಲ್ಲ. ವಯಸ್ಸಾದವರನ್ನು ಕರೆದುಕೊಂಡು ನಮ್ಮ ಕಡೆಯಿಂದ ಹೊರಡುವವರಿಗೆ ಉಪಯೋಗವಾಗಲಿ ಅಂತ ಏನೇನು ಮಾಡಿದೆ ಅನ್ನುವುದನ್ನು ಬರೆಯುತ್ತಿದ್ದೇನೆ.

ನಾನು ಇರುವುದು ಮೈಸೂರಿನ ಕುವೆಂಪುನಗರದಲ್ಲಿ. ಅಪ್ಪ ಮಂಡ್ಯದಲ್ಲಿ, ನನ್ನ ತಮ್ಮ ದೆಹಲಿಯಲ್ಲಿ. ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಈಗ 73 ವರ್ಷ. ವರ್ಷಕ್ಕೆ ಒಂದೆರಡು ಸಲ ಮೊಮ್ಮಕ್ಕಳನ್ನು ನೋಡಲು ದೆಹಲಿಗೆ ಹೋಗುತ್ತಾರೆ. ಮಂಡಕಳ್ಳಿಯಲ್ಲೇ ವಿಮಾನ ನಿಲ್ದಾಣ ಇದೆಯಲ್ವಾ, ಬೆಂಗಳೂರಿಗೆ ಯಾಕೆ ಹೋಗ್ತೀರ ಅಂತ ಕೇಳುವವರಿದ್ದಾರೆ. ಮೈಸೂರಿನಿಂದ ದೆಹಲಿಗೆ ನಮಗೆ ನೇರ ವಿಮಾನ ಸಿಗಲಿಲ್ಲ. ಮಧ್ಯದಲ್ಲಿ ಇಳಿದು ಇನ್ನೊಂದು ವಿಮಾನ ಹತ್ತುವುದು ಅಪ್ಪನಿಗೆ ಇಷ್ಟವಿಲ್ಲ. ಹಾಗಾಗಿ ನಮಗೆ ದೇವನಹಳ್ಳಿಯ ಬೆಂಗಳೂರು ನಿಲ್ದಾಣವೇ ಗತಿ.

ಬೆಂಗಳೂರಿನವರಿಗೂ ನಮಗೂ ಇರುವ ವ್ಯತ್ಯಾಸ ಇಲ್ಲೇ ಶುರುವಾಗುತ್ತದೆ. ಅವರು ಮನೆಯಲ್ಲಿ ತಿಂಡಿ ತಿಂದು ಟ್ಯಾಕ್ಸಿ ಹತ್ತುತ್ತಾರೆ. ನಾವು ಹತ್ತಿರ ಹತ್ತಿರ 180 ಕಿಲೋಮೀಟರ್ ದಾಟಿ ಹೋಗಬೇಕು. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದ ಮೇಲೆ ಕೆಂಗೇರಿವರೆಗೆ ಬೇಗ ಹೋಗುತ್ತೇವೆ, ನಿಜ. ಅಲ್ಲಿಂದ ಮುಂದೆ, ಅದರಲ್ಲೂ ಹೆಬ್ಬಾಳದ ಹತ್ತಿರ, ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಯಾರೂ ಹೇಳಲಾರರು. ವಿಮಾನ ತಪ್ಪಬಾರದು ಅಂದರೆ ಒಂದೆರಡು ಗಂಟೆ ಜಾಸ್ತಿ ಇಟ್ಟುಕೊಂಡೇ ಹೊರಡಬೇಕು. ರಸ್ತೆ ಖಾಲಿ ಇದ್ದ ದಿನ ಆ ಎರಡು ಗಂಟೆ ವಿಮಾನ ನಿಲ್ದಾಣದಲ್ಲಿ ಉಳಿಯುತ್ತದೆ. ನಿದ್ದೆಗೆಟ್ಟು, ಖಾಲಿ ಹೊಟ್ಟೆಯಲ್ಲಿ, ಸ್ಟೀಲ್ ಕುರ್ಚಿಯ ಮೇಲೆ ಕೂತು ಕಳೆಯುವ ಹೊತ್ತು ಅದು. ಲೌಂಜ್ ಅಂದರೆ ಶ್ರೀಮಂತರ ಜಾಗ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಬಿಸಿಲಲ್ಲಿ ನಡೆದು ಬಂದವರಿಗೆ ನಮ್ಮೂರ ಅರವಟ್ಟಿಗೆ ಹೇಗೋ, ದೂರದಿಂದ ಬಂದವರಿಗೆ ಇದು ಹಾಗೆ. ಒಳ್ಳೆಯ ಕುರ್ಚಿ, ಚೊಕ್ಕ ಶೌಚಾಲಯ, ಬಿಸಿ ತಿಂಡಿ. ಅಪ್ಪನಂಥವರಿಗೆ ಈ ಮೂರೂ ಬೇಕೇ ಬೇಕು.

ಏರ್‌ಲೈನ್ ಲೌಂಜ್ ಅನ್ನುವುದು ಹಳೆಯದು. ಅಮೆರಿಕನ್ ಏರ್‌ಲೈನ್ಸ್ 1939ರಲ್ಲಿ ನ್ಯೂಯಾರ್ಕಿನ ಲಾಗಾರ್ಡಿಯಾ ನಿಲ್ದಾಣದಲ್ಲಿ ತನ್ನ ಗಣ್ಯ ಪ್ರಯಾಣಿಕರಿಗೆ ಅಂತ ಒಂದು ಕೋಣೆ ಮಾಡಿತ್ತು. ಆಗ ಕಂಪನಿ ಕರೆದವರಿಗೆ ಮಾತ್ರ ಪ್ರವೇಶ. ಈಗಲೂ ಬಿಸಿನೆಸ್ ಕ್ಲಾಸ್ ಟಿಕೆಟ್ ಇದ್ದವರನ್ನು, ಪದೇ ಪದೇ ಹಾರುವವರನ್ನು ಏರ್‌ಲೈನ್‌ನವರೇ ಲೌಂಜಿಗೆ ಕಳಿಸುತ್ತಾರೆ. ಉಳಿದವರು ಹೋಗುವುದು ಬ್ಯಾಂಕ್ ಕಾರ್ಡ್ ಮೇಲೆ. ಬೆಂಗಳೂರಿನಲ್ಲಿ ಡೊಮೆಸ್ಟಿಕ್ (ದೇಶದೊಳಗಿನ) ಪ್ರಯಾಣಿಕರು ಹೋಗುವ ಲೌಂಜಿನ ಹೆಸರು 080. ಬೆಂಗಳೂರಿನ ಎಸ್‌ಟಿಡಿ ಕೋಡ್ ಅದು. ಅಪ್ಪ ಬೋರ್ಡ್ ನೋಡಿದವರೇ, "ನಮ್ದು 08232 ಅಲ್ವೇನವ್ವ" ಅಂದರು. ಮಂಡ್ಯದ ಕೋಡ್ ಅವರಿಗೆ ಇನ್ನೂ ಬಾಯಿಗೇ ಬರುತ್ತದೆ.

ಈಗ ಮೇ ತಿಂಗಳಲ್ಲಿ ತಪ್ಪಿದ್ದು ಎಲ್ಲಿ ಅಂತ ಹೇಳುತ್ತೇನೆ. ಎಷ್ಟೋ ಜನರಿಗೆ ಇದೇ ಆಗುತ್ತಿದೆ.

ನನ್ನದು ಒಂದು ಕ್ರೆಡಿಟ್ ಕಾರ್ಡ್. ಅದನ್ನು ಕೊಡುವಾಗ ಮೂರು ತಿಂಗಳಿಗೊಮ್ಮೆ ಲೌಂಜ್ ಉಚಿತ ಅಂತ ಹೇಳಿದ್ದರು. ಅಷ್ಟನ್ನೇ ತಲೆಯಲ್ಲಿ ಇಟ್ಟುಕೊಂಡಿದ್ದೆ. 2024ರ ಏಪ್ರಿಲ್‌ನಿಂದ ಬ್ಯಾಂಕ್ ನಿಯಮ ಬದಲಾಯಿಸಿತ್ತು. ಹಿಂದಿನ ತ್ರೈಮಾಸಿಕದಲ್ಲಿ ಕಾರ್ಡಿನಿಂದ ಇಂತಿಷ್ಟು ಖರ್ಚು ಮಾಡಿದ್ದರೆ ಮಾತ್ರ ಈ ತ್ರೈಮಾಸಿಕದಲ್ಲಿ ಪ್ರವೇಶ. ಮೇ ತಿಂಗಳಲ್ಲಿ ಹೋಗಬೇಕಾದರೆ ಜನವರಿಯಿಂದ ಮಾರ್ಚ್‌ವರೆಗಿನ ಖರ್ಚು ಲೆಕ್ಕ. ಏಪ್ರಿಲ್‌ನಲ್ಲಿ ನಾನು ಫ್ರಿಜ್ ತೆಗೆದುಕೊಂಡಿದ್ದೆ, ಆದರೆ ಅದು ಲೆಕ್ಕಕ್ಕೆ ಬರುವಂತಿರಲಿಲ್ಲ. ಮಾರ್ಚ್‌ವರೆಗೆ ಮಾಡಿದ್ದ ಖರ್ಚಿನಲ್ಲಿ ಬಹುಪಾಲು ಪೆಟ್ರೋಲ್. ಪೆಟ್ರೋಲನ್ನೂ ಬ್ಯಾಂಕ್ ಪರಿಗಣಿಸುವುದಿಲ್ಲ. ನಿಯಮ ಬದಲಾದ ಇಮೇಲ್ ಬಂದಿತ್ತು, ಹತ್ತಾರು ಜಾಹೀರಾತು ಮೇಲ್‌ಗಳ ನಡುವೆ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ನನ್ನ ಒಂದು ಕಾರ್ಡಿನಲ್ಲಿ ಅಪ್ಪನೂ ಬರಬಹುದು ಅಂದುಕೊಂಡಿದ್ದೆ. ಸಾಮಾನ್ಯವಾಗಿ ಒಂದು ಕಾರ್ಡಿಗೆ ಒಬ್ಬರೇ. ಬೋರ್ಡಿಂಗ್ ಪಾಸ್ ಮೇಲಿನ ಹೆಸರೂ ಕಾರ್ಡ್ ಮೇಲಿನ ಹೆಸರೂ ಒಂದೇ ಇರಬೇಕು. ಜೊತೆಗೆ ಬಂದವರಿಗೆ ದುಡ್ಡು ಕೊಟ್ಟು ಕರೆದುಕೊಂಡು ಹೋಗಬಹುದು, ಆದರೆ ಒಬ್ಬರಿಗೆ ಸಾವಿರ ರೂಪಾಯಿಗೂ ಮೇಲೆ. ಎರಡು ಇಡ್ಲಿ ತಿನ್ನುವ ಅಪ್ಪನಿಗೆ ಅಷ್ಟು ಕೊಡುವುದು ಮನಸ್ಸಿಗೆ ಒಪ್ಪಲಿಲ್ಲ. ಇವತ್ತು ಯೋಚಿಸಿದರೆ ಅವತ್ತು ಕೊಟ್ಟುಬಿಡಬೇಕಿತ್ತು. ಇನ್ಸುಲಿನ್ ಹಾಕಿ ಆಗಿತ್ತಲ್ಲ.

ಡಿಸೆಂಬರ್ ಪ್ರಯಾಣದ ತಯಾರಿಯನ್ನು ಆಗಸ್ಟ್‌ನಲ್ಲೇ ಶುರು ಮಾಡಿದೆ. ಮೊದಲು ಅಪ್ಪನ ಹೆಸರಿಗೆ ಬೇರೆ ಕಾರ್ಡ್ ಬೇಕಿತ್ತು. ಈ ವಯಸ್ಸಿನಲ್ಲಿ ಅವರಿಗೆ ಕ್ರೆಡಿಟ್ ಕಾರ್ಡ್ ಬೇಡ ಅನ್ನಿಸಿತು. ಪಿಂಚಣಿ ಖಾತೆಗೆ ರುಪೇ ಡೆಬಿಟ್ ಕಾರ್ಡ್ ಇತ್ತು, ಆದರೆ ಅದು ಕ್ಲಾಸಿಕ್, ಅಂದರೆ ಸಾಮಾನ್ಯ ದರ್ಜೆಯದು. ಅದರಲ್ಲಿ ಲೌಂಜ್ ಸೌಲಭ್ಯ ಇಲ್ಲ. ಮಂಡ್ಯದ ಶಾಖೆಗೆ ಹೋಗಿ ರುಪೇ ಪ್ಲಾಟಿನಂಗೆ ಬದಲಾಯಿಸಿ ಅಂತ ಅರ್ಜಿ ಕೊಟ್ಟೆವು. ವರ್ಷಕ್ಕೆ ಸ್ವಲ್ಪ ಶುಲ್ಕ ಜಾಸ್ತಿ. ಮೂರು ತಿಂಗಳಿಗೆ ಒಂದು ಸಲ ಡೊಮೆಸ್ಟಿಕ್ ಲೌಂಜ್ ಸಿಗುತ್ತದೆ ಅಂದರು. ಈ ಮಾತನ್ನು ಶಾಖೆಯಲ್ಲಿ ಕೇಳಿ ಸುಮ್ನೆ ಬರಬೇಡಿ. ಬ್ಯಾಂಕಿನ ಸಹಾಯವಾಣಿಗೂ ಒಂದು ಸಲ ಫೋನ್ ಮಾಡಿ. ಪ್ರಯಾಣಕ್ಕೆ ವಾರ ಇದೆ ಅನ್ನುವಾಗ ಮತ್ತೆ ಮಾಡಿ. ನಿಯಮಗಳು ಪದೇ ಪದೇ ಬದಲಾಗುತ್ತವೆ.

ಕಾರ್ಡ್ ಬಂದ ಮೇಲೆ ಎಟಿಎಂಗೆ ಕರೆದುಕೊಂಡು ಹೋಗಿ ಪಿನ್ ಮಾಡಿಸಿದೆ. ಆಮೇಲೆ ಒಂದು ದಿನ ಬೇಕಂತಲೇ ಔಷಧಿ ಅಂಗಡಿಯಲ್ಲಿ ಅದೇ ಕಾರ್ಡ್ ಕೊಡಿಸಿದೆ. ಅಂಗಡಿಯ ಮೆಷಿನ್‌ನಲ್ಲಿ ನಡೆದರೆ ಲೌಂಜ್ ಮೆಷಿನ್‌ನಲ್ಲಿಯೂ ನಡೆಯುತ್ತದೆ ಅನ್ನುವ ಧೈರ್ಯ. ಅದಕ್ಕಿಂತ ಮುಖ್ಯವಾಗಿ ಅಪ್ಪನಿಗೆ ಕೈ ರೂಢಿಯಾಗಬೇಕಿತ್ತು. ಮೆಷಿನ್ ಹತ್ತಿರಕ್ಕೆ ಎಳೆದುಕೊಂಡು, ಕನ್ನಡಕ ಹಣೆಗೆ ಏರಿಸಿ, ತೋರುಬೆರಳಲ್ಲಿ ಒಂದೊಂದೇ ಅಂಕಿ ಒತ್ತಿದರು. ಪ್ರತಿ ಅಂಕಿಗೂ ತುಟಿ ಅಲ್ಲಾಡುತ್ತಿತ್ತು. "ಅಪ್ಪಾ, ಬಾಯಲ್ಲಿ ಹೇಳ್ಬಾರ್ದು" ಅಂದೆ. ಮುಂದಿನ ಸಲದಿಂದ ತುಟಿ ಗಟ್ಟಿಯಾಗಿ ಮುಚ್ಚಿಕೊಂಡೇ ಒತ್ತುತ್ತಾರೆ.

ನನ್ನ ಕಾರ್ಡಿಗೆ ಜುಲೈಯಿಂದ ಸೆಪ್ಟೆಂಬರ್‌ವರೆಗಿನ ಖರ್ಚು ಬೇಕಿತ್ತು. ಲೌಂಜಿಗೋಸ್ಕರ ಹೊಸದಾಗಿ ಏನನ್ನೂ ಕೊಳ್ಳಲಿಲ್ಲ, ಕೊಳ್ಳಲೂಬಾರದು. ಮನೆಯ ದಿನಸಿ, ಮಗಳ ಬಟ್ಟೆ ಇವನ್ನು ಕಾರ್ಡಿನಿಂದ ಕೊಟ್ಟೆ. ದೆಹಲಿ ಟಿಕೆಟ್ ಸೆಪ್ಟೆಂಬರ್‌ನಲ್ಲೇ ಬುಕ್ ಮಾಡಿದ್ದರಿಂದ ಅದೂ ಸೇರಿತು. ಟಿಕೆಟನ್ನು ಅಕ್ಟೋಬರ್‌ಗೆ ಬಿಟ್ಟಿದ್ದರೆ ಲೆಕ್ಕ ತಪ್ಪುತ್ತಿತ್ತು.

ವಿಮಾನ ಬೆಳಿಗ್ಗೆ 11.40ಕ್ಕೆ. ಅಪ್ಪ ಹಿಂದಿನ ದಿನವೇ ಮೈಸೂರಿಗೆ ಬಂದಿದ್ದರು. ಬೆಳಗಿನ ಜಾವ ನಾಲ್ಕರ ಸುಮಾರಿಗೆ ವಿಮಾನ ನಿಲ್ದಾಣಕ್ಕೆ ಹೋಗುವ ಕೆಎಸ್‌ಆರ್‌ಟಿಸಿ ಫ್ಲೈಬಸ್ ಹತ್ತಿದೆವು. ಮನೆ ಬಾಗಿಲಿಗೆ ಟ್ಯಾಕ್ಸಿ ಬರುತ್ತದೆ ನಿಜ, ಆದರೆ ಇಬ್ಬರಿಗೆ ಬಸ್ಸೇ ಅಗ್ಗ, ಚಾಲಕ ನಿದ್ದೆಗಣ್ಣಲ್ಲಿ ಓಡಿಸುತ್ತಾನೇನೋ ಅನ್ನುವ ಭಯವೂ ಇಲ್ಲ. ಎಕ್ಸ್‌ಪ್ರೆಸ್‌ವೇ ಮಂಡ್ಯ ಊರನ್ನು ಬಳಸಿಕೊಂಡು ಹೋಗುತ್ತದೆ. ಕತ್ತಲಲ್ಲಿ ದೂರದ ದೀಪಗಳನ್ನು ನೋಡುತ್ತಾ ಅಪ್ಪ "ನಮ್ಮೂರ ಪಕ್ಕದಲ್ಲೇ ಹೋಯ್ತಾ ಇದೀವಲ್ಲವ್ವ" ಅಂದು ಮತ್ತೆ ಕಣ್ಣು ಮುಚ್ಚಿದರು.

ಎಂಟು ಗಂಟೆಗೆ ಇಳಿದೆವು. ನಿಮ್ಮ ವಿಮಾನ ಯಾವ ಟರ್ಮಿನಲ್ ಅಂತ ಟಿಕೆಟ್‌ನಲ್ಲಿ ನೋಡಿಕೊಂಡೇ ಇಳಿಯಿರಿ. ನಮ್ಮದು ಏರ್ ಇಂಡಿಯಾ, ಟರ್ಮಿನಲ್ 2. ತಪ್ಪಿ ಇಳಿದರೆ ಒಂದರಿಂದ ಇನ್ನೊಂದಕ್ಕೆ ಉಚಿತ ಬಸ್ ಇದೆ, ಆದರೆ ಸಾಮಾನು ಹೊತ್ತು ಹತ್ತಿ ಇಳಿಯುವುದು ಅಪ್ಪನ ಮಂಡಿಗೆ ಕಷ್ಟ.

ಟರ್ಮಿನಲ್ 2 ಒಳಗೆ ಕಾಲಿಟ್ಟ ಕೂಡಲೇ ಅಪ್ಪ ನಿಂತುಬಿಟ್ಟರು. ಚಾವಣಿ ತುಂಬಾ ಬಿದಿರು. ಮೇಲಿಂದ ಗಿಡಗಳು ಇಳಿಬಿದ್ದಿವೆ. 2022ರ ನವೆಂಬರ್‌ನಲ್ಲಿ ಉದ್ಘಾಟನೆಯಾದ ಕಟ್ಟಡ, ಉದ್ಯಾನದೊಳಗಿನ ಟರ್ಮಿನಲ್ ಅಂತಲೇ ಕರೆಯುತ್ತಾರೆ. ಮೇ ತಿಂಗಳಲ್ಲಿ ಗಾಬರಿಯಲ್ಲಿ ಇದನ್ನೆಲ್ಲ ನೋಡಿಯೇ ಇರಲಿಲ್ಲ. ಅಪ್ಪ ಕತ್ತು ಎತ್ತಿ ಎರಡು ನಿಮಿಷ ನೋಡಿದರು. "ಕಬ್ಬಿನ ಜಲ್ಲೆ ಸಾಲಾಗಿ ಜೋಡ್ಸಿದಂಗೆ ಅದೆ" ಅಂದರು. ನಲವತ್ತು ವರ್ಷ ಗಾಡಿಗಟ್ಟಲೆ ಕಬ್ಬು ನೋಡಿದವರು ಅವರು. ಆಮೇಲೆ ನನಗೂ ಅದು ಹಾಗೇ ಕಾಣತೊಡಗಿತು.

ದೊಡ್ಡ ಬ್ಯಾಗನ್ನು ಚೆಕ್-ಇನ್‌ಗೆ ಕೊಟ್ಟೆವು. ಇನ್ಸುಲಿನ್ ಮಾತ್ರ ಯಾವತ್ತೂ ಆ ಬ್ಯಾಗಿನಲ್ಲಿ ಇಡಬೇಡಿ. ವಿಮಾನದ ಕೆಳಭಾಗದಲ್ಲಿ ಚಳಿಗೆ ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬರುವುದಿಲ್ಲ. ಬ್ಯಾಗೇ ತಪ್ಪಿಹೋದರಂತೂ ಇನ್ನೂ ಫಜೀತಿ. ಇನ್ಸುಲಿನ್ ಪೆನ್ನು, ಸೂಜಿ, ಶುಗರ್ ನೋಡುವ ಮೀಟರ್, ಡಾಕ್ಟರ ಚೀಟಿ ಎಲ್ಲ ಒಂದು ಸಣ್ಣ ಪೌಚ್‌ನಲ್ಲಿ ಅಪ್ಪನ ಕೈಚೀಲದಲ್ಲಿತ್ತು. ತಪಾಸಣೆಯಲ್ಲಿ ಪೌಚ್ ತೆಗೆದು ಟ್ರೇಯಲ್ಲಿ ಇಟ್ಟು, "ಇನ್ಸುಲಿನ್ ಇದೆ" ಅಂತ ನಾವೇ ಮೊದಲು ಹೇಳಿದೆವು. ಭದ್ರತೆಯ ಸಿಐಎಸ್‌ಎಫ್‌ನವರು ಚೀಟಿ ನೋಡಿ ವಾಪಸ್ ಕೊಟ್ಟರು. ಅಪ್ಪ ತಂದಿದ್ದ ಉಪ್ಪಿನಕಾಯಿ ಡಬ್ಬಿಯನ್ನು ಮನೆಯಲ್ಲೇ ತೆಗೆಸಿ ಇಟ್ಟಿದ್ದೆ. ಕೈಚೀಲದಲ್ಲಿ ಅದನ್ನು ಬಿಡುವುದಿಲ್ಲ.

ಲೌಂಜ್ ಇರುವುದು ಭದ್ರತಾ ತಪಾಸಣೆ ಮುಗಿದ ಮೇಲೆ. ಆದ್ದರಿಂದ ಬೇಗ ಒಳಗೆ ಬಂದಷ್ಟೂ ಒಳ್ಳೆಯದು. ಆದರೆ ಲೌಂಜಿಗೆ ಯಾವಾಗ ಹೋಗಬೇಕು ಅನ್ನುವುದಕ್ಕೆ ಬೇರೆ ಲೆಕ್ಕ. ನಮಗೆ ಎರಡು ಗಂಟೆ ಮಾತ್ರ ಕೂರಬಹುದು ಅಂದಿದ್ದರು. ನಾನು ಹಿಂದಿನಿಂದ ಎಣಿಸಿದೆ. ವಿಮಾನ 11.40ಕ್ಕೆ, ಬೋರ್ಡಿಂಗ್ ಶುರು 10.55ಕ್ಕೆ. ಅದಕ್ಕೆ ಎರಡು ಗಂಟೆ ಹಿಂದೆ ಅಂದರೆ ಒಂಬತ್ತಕ್ಕೆ ಐದು ನಿಮಿಷ. ಅಪ್ಪ ದಿನಾ ಇನ್ಸುಲಿನ್ ಹಾಕಿಕೊಳ್ಳುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. 8.40ಕ್ಕೆ ತಪಾಸಣೆ ಮುಗಿಯಿತು. ಹೊರಗೆ ಸ್ವಲ್ಪ ಹೊತ್ತು ಕೂತು ಆಮೇಲೆ ಹೋದೆವು.

ಬಾಗಿಲ ಹತ್ತಿರ ಎಂಟು ಹತ್ತು ಜನ ಕ್ಯೂನಲ್ಲಿದ್ದರು. ಬಿಸಿನೆಸ್ ಕ್ಲಾಸ್‌ನವರಿಗೆ ಬೇರೆ ಸಾಲು. ಮೊದಲು ಬೋರ್ಡಿಂಗ್ ಪಾಸ್, ಆಮೇಲೆ ಕಾರ್ಡ್. ಕಾರ್ಡ್ ಕೈಯಲ್ಲೇ ಇರಬೇಕು. ನನ್ನ ಮುಂದಿದ್ದ ಹುಡುಗ ಮೊಬೈಲ್‌ನಲ್ಲಿ ಕಾರ್ಡಿನ ಫೋಟೊ ತೋರಿಸಿ ವಾಪಸ್ ಹೋದ. ನನ್ನದು ಆಯಿತು. ಅಪ್ಪನ ಸರದಿ ಬಂದಾಗ ಮಾತ್ರ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅಪ್ಪ ಮೆಷಿನ್ ಹತ್ತಿರಕ್ಕೆ ಎಳೆದುಕೊಂಡರು, ಕನ್ನಡಕ ಏರಿಸಿದರು, ತುಟಿ ಮುಚ್ಚಿಕೊಂಡು ನಾಲ್ಕು ಅಂಕಿ ಒತ್ತಿದರು. ಮೆಷಿನ್‌ನಿಂದ ಚೀಟಿ ಬಂತು. ಖಾತೆಯಿಂದ ಹೋದದ್ದು 2 ರೂಪಾಯಿ. ಕಾರ್ಡ್ ನಿಜವಾಗಿ ಚಾಲ್ತಿಯಲ್ಲಿದೆಯೋ ಇಲ್ಲವೋ ಅಂತ ನೋಡಲು ಹಿಡಿಯುವ ಮೊತ್ತ ಅದು. ಫೋನಿಗೆ ಬಂದ ಸಂದೇಶವನ್ನು ಅಪ್ಪ ಎರಡು ಸಲ ಓದಿ ನನಗೆ ತೋರಿಸಿದರು.

ಒಳಗೆ ಹೋದ ತಕ್ಷಣ ಕೂರಬೇಡಿ, ಜಾಗ ನೋಡಿ ಕೂತುಕೊಳ್ಳಿ. ಊಟದ ಕೌಂಟರ್ ಪಕ್ಕದಲ್ಲಿ ಗಲಾಟೆ. ಮೆತ್ತನೆ ಸೋಫಾಗಳಲ್ಲಿ ಕೂತರೆ ವಯಸ್ಸಾದವರಿಗೆ ಏಳಲು ಆಗುವುದಿಲ್ಲ. ಕೈ ಊರಲು ಹಿಡಿ ಇರುವ, ಸ್ವಲ್ಪ ಎತ್ತರದ ಕುರ್ಚಿ ಹುಡುಕಿದೆ. ಶೌಚಾಲಯ ಹತ್ತಿರ, ವಿಮಾನಗಳ ಹೊತ್ತು ತೋರಿಸುವ ಪರದೆ ಎದುರಿಗೆ. ಈ ಪರದೆ ಬಹಳ ಮುಖ್ಯ. ಒಳಗೆ ಯಾರೂ ಬಂದು ನಿಮ್ಮ ವಿಮಾನ ಹೊರಟಿತು ಅಂತ ಕೂಗುವುದಿಲ್ಲ.

ತಿಂಡಿ ಸಾಲಾಗಿ ಇಟ್ಟಿದ್ದರು. ಇಡ್ಲಿ, ವಡೆ, ಉಪ್ಪಿಟ್ಟು, ಸಾಂಬಾರ್, ಮೊಟ್ಟೆ, ಬ್ರೆಡ್, ಹಣ್ಣು. ಅಪ್ಪ ಪೌಚ್ ತೆರೆಯಲು ಹೋದರು. "ಮೊದಲು ತಟ್ಟೆ ತರ್ತೀನಿ, ತಡೀರಿ" ಅಂದೆ. ಮೇ ತಿಂಗಳಲ್ಲಿ ಕಲಿತ ಪಾಠ ಇದೇ. ಅಪ್ಪನ ಇನ್ಸುಲಿನ್ ಊಟಕ್ಕೆ 20-30 ನಿಮಿಷ ಮೊದಲು ಹಾಕಿಕೊಳ್ಳುವಂಥದ್ದು. ಮನೆಯಲ್ಲಾದರೆ ತಿಂಡಿ ಇದೆ ಅಂತ ಗೊತ್ತಿರುತ್ತದೆ. ಪ್ರಯಾಣದಲ್ಲಿ ತಿನ್ನುವ ಪದಾರ್ಥ ಕಣ್ಣೆದುರಿಗೆ ಬಂದ ಮೇಲೆಯೇ ಸೂಜಿ. ಎರಡು ಇಡ್ಲಿ, ಒಂದು ಮೊಟ್ಟೆ, ಸ್ವಲ್ಪ ಪಪ್ಪಾಯ ತಂದು ಮೇಜಿನ ಮೇಲೆ ಇಟ್ಟು, ಮೇಲೆ ಇನ್ನೊಂದು ತಟ್ಟೆ ಮುಚ್ಚಿದೆ. ಅಪ್ಪ ಮೀಟರ್‌ನಲ್ಲಿ ಶುಗರ್ ನೋಡಿಕೊಂಡು, ಗೋಡೆ ಕಡೆ ತಿರುಗಿ ಸೂಜಿ ಹಾಕಿಕೊಂಡರು. ಇಪ್ಪತ್ತು ನಿಮಿಷ ಕಳೆದ ಮೇಲೆ ಬಿಸಿ ಸಾಂಬಾರ್ ತಂದುಕೊಟ್ಟೆ. ಸಾಂಬಾರ್ ಸ್ವಲ್ಪ ಸಿಹಿ ಇತ್ತು, ಹಾಗಾಗಿ ಚಟ್ನಿಯಲ್ಲೇ ತಿಂದರು. ಇಡ್ಲಿ ಮೆತ್ತಗಿತ್ತು. ಸಕ್ಕರೆ ಇಲ್ಲದ ಕಾಫಿ ಬೇಕು ಅಂತ ಕೇಳಿದ್ದಕ್ಕೆ ಅಲ್ಲಿನ ಹುಡುಗ ಹೊಸದಾಗಿ ಮಾಡಿಕೊಟ್ಟ.

ನಾನೂ ಹೊಟ್ಟೆ ತುಂಬಾ ತಿಂದೆ. ಆಮೇಲೆ ಅಪ್ಪ ಕಾಲು ಚಾಚಿ ಅರ್ಧ ಗಂಟೆ ನಿದ್ದೆ ಮಾಡಿದರು. ಮೂರು ಗಂಟೆಗೆ ಎದ್ದ ಮನುಷ್ಯ, ಕತ್ತು ವಾಲದೆ ನೆಮ್ಮದಿಯಾಗಿ ಮಲಗಿದ್ದನ್ನು ನೋಡಿ ನನಗೆ ಆಗಸ್ಟ್‌ನಿಂದ ಓಡಾಡಿದ್ದು ಸಾರ್ಥಕ ಅನ್ನಿಸಿತು. ಎದ್ದ ಮೇಲೆ ದಾರಿಗೆ ಬೇಕಾಗುತ್ತದೆ ಅಂತ ಒಂದು ಬಾಳೆಹಣ್ಣನ್ನು ಚೀಲಕ್ಕೆ ಹಾಕಿಕೊಳ್ಳಲು ಹೋದರು. ಅಲ್ಲಿಂದ ತಿನಿಸು ಹೊರಗೆ ತೆಗೆದುಕೊಂಡು ಹೋಗುವಂತಿಲ್ಲ. ನಮ್ಮ ಚೀಲದಲ್ಲಿ ಬಿಸ್ಕತ್ತು, ಅಚ್ಚು ಬೆಲ್ಲ ಇದ್ದೇ ಇತ್ತು. ಸಕ್ಕರೆ ಕಾಯಿಲೆ ಇದ್ದವರ ಜೊತೆ ಹೋಗುವವರು ಲೌಂಜ್ ಇರಲಿ ಬಿಡಲಿ ಇದನ್ನು ಇಟ್ಟುಕೊಂಡೇ ಹೋಗಬೇಕು. ಶುಗರ್ ಇಳಿದಾಗ ಮೂರು ಚಮಚ ಸಕ್ಕರೆಯಷ್ಟು ಸಿಹಿ ಕೊಟ್ಟು, ಕಾಲು ಗಂಟೆ ಬಿಟ್ಟು ಮತ್ತೆ ಮೀಟರ್‌ನಲ್ಲಿ ನೋಡಬೇಕು ಅಂತ ನಮ್ಮ ಡಾಕ್ಟರು ಹೇಳಿಕೊಟ್ಟಿದ್ದಾರೆ.

10.40ಕ್ಕೆ ಹೊರಟೆವು. ಟರ್ಮಿನಲ್ 2 ದೊಡ್ಡದು, ಗೇಟ್‌ವರೆಗೆ ಅಪ್ಪನ ನಡಿಗೆಗೆ ಹತ್ತು ಹದಿನೈದು ನಿಮಿಷ ಬೇಕೇ ಬೇಕು. ಹೊರಡುವ ಮುಂಚೆ ಶೌಚಾಲಯಕ್ಕೆ ಹೋಗಿ ಬರಲು ಹೇಳಿದೆ. ಗೇಟ್ ಮುಂದೆ ಹೋಗಿ ನೋಡಿದರೆ ದೆಹಲಿಯಲ್ಲಿ ಮಂಜು, ವಿಮಾನ ಮುಕ್ಕಾಲು ಗಂಟೆ ತಡ. ಡಿಸೆಂಬರ್, ಜನವರಿಯಲ್ಲಿ ಇದು ಮಾಮೂಲು. ಹೊಟ್ಟೆ ತುಂಬಿತ್ತು, ಔಷಧಿ ಆಗಿತ್ತು. ಅಪ್ಪ ಬಿದಿರು ನೋಡುತ್ತಾ ಕೂತರು, ನನಗೂ ಆತಂಕ ಇರಲಿಲ್ಲ.

ಎರಡು ದಿನ ಇದ್ದು ನಾನು ವಾಪಸ್ ಬಂದೆ. ಬರುವಾಗ ದೆಹಲಿಯಲ್ಲಿ ಲೌಂಜಿಗೆ ಹೋಗಲಿಲ್ಲ. ಆ ತ್ರೈಮಾಸಿಕದ ಪಾಲು ಮುಗಿದಿತ್ತು. ಅಪ್ಪನ ವಾಪಸ್ ಟಿಕೆಟನ್ನು ಬೇಕಂತಲೇ ಜನವರಿಗೆ ಮಾಡಿಸಿದ್ದೆ. ಜನವರಿಯಿಂದ ಹೊಸ ತ್ರೈಮಾಸಿಕ, ಅದೇ ಕಾರ್ಡಿನಲ್ಲಿ ಇನ್ನೊಂದು ಸಲ ಹೋಗಬಹುದು. ಆದರೆ ಆಗ ಅಪ್ಪ ಒಬ್ಬರೇ. ನನ್ನ ತಮ್ಮ ನಿಲ್ದಾಣದ ಹೊರಗಿನ ಬಾಗಿಲವರೆಗೆ ಬಿಡಬಹುದು ಅಷ್ಟೇ. ನಾನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟಿದ್ದೆ: ತಪಾಸಣೆ, ಲೌಂಜ್, ಕಾರ್ಡ್, ತಟ್ಟೆ, ಆಮೇಲೆ ಸೂಜಿ, ಎದ್ದು ಗೇಟಿಗೆ ಹೊರಡುವ ಹೊತ್ತು.

ಅಪ್ಪ ವಾಪಸ್ ಹೊರಟ ದಿನ ಬೆಳಿಗ್ಗೆ ಒಂಬತ್ತು ಗಂಟೆಗೆ ಅವರ ಫೋನ್ ಬಂತು. ಹಿಂದೆ ತಟ್ಟೆ ಲೋಟದ ಸದ್ದು ಕೇಳುತ್ತಿತ್ತು. "ಒಳಿಕ್ ಬಂದೆ ಕಣವ್ವ. ತಟ್ಟೆ ಮುಂದೆ ಮಡಿಕೊಂಡಿವ್ನಿ. ಈಗ ಸೂಜಿ ತಗೀತಾ ಇವ್ನಿ."